ನೂಲಿಗೆ ಹಚ್ಚಿದ ಬನ್ನಿನ ಹಿಟ್ಟು

ಮನೆಯಲ್ಲೇ ಬನ್ನು ಸುಡುವ ಕೆಲಸದಲ್ಲಿ ನನಗೆ ಸರಿಸಾಟಿಯಾದವರು ಬನಹಟ್ಟಿಯ ನಮ್ಮ ಓಣಿಯಲ್ಲಿ ಇನ್ನೂ ಹುಟ್ಟಿಲ್ಲ. ಹೀಗೆ ಹೇಳಿಕೊಂಡರೆ ಜಂಬ ಅನ್ನುತ್ತಾರೆ. ಅನ್ನಲಿ. ಉಳಿದ ಅಡುಗೆಯಲ್ಲಿ ನಾನು ಹೆಚ್ಚಿನವಳೇನಲ್ಲ. ನನ್ನ ರೊಟ್ಟಿಯ ಅಂಚು ಇವತ್ತಿಗೂ ಒಡೆಯುತ್ತದೆ, ಹೋಳಿಗೆ ಹಂಚಿನ ಮೇಲೆ ಹರಿಯುತ್ತದೆ. ಆದರೆ ಉದ್ದನೆಯ ಬನ್ನಾಗಲಿ ದುಂಡನೆಯ ಬನ್ನಾಗಲಿ, ನನ್ನ ಕೈಯಿಂದ ಹೊರಬಿದ್ದದ್ದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಒತ್ತಿದ ಗುಳಿ ಮೆಲ್ಲಗೆ ಮೇಲೆ ಬರದಿದ್ದರೆ ನನ್ನ ಹೆಸರು ಬದಲಿಸಿ.

ಈ ಕೆಲಸ ಕಲಿಸಿದವನು ಅಪ್ಪ. ನನ್ನ ತವರು ಮುಧೋಳ. ಅಪ್ಪ ಅಲ್ಲಿ ಒಂದು ಸಕ್ಕರೆ ಕಾರ್ಖಾನೆಯ ಅತಿಥಿಗೃಹದಲ್ಲಿ ಅಡುಗೆಯವನಾಗಿದ್ದ. ಹೊಸ ಯಂತ್ರ ಕೂಡಿಸಲು ಬಂದಿದ್ದ ಪರದೇಶದ ಇಂಜಿನಿಯರೊಬ್ಬ ನಾಲ್ಕು ದಿನ ಜೋಳದ ರೊಟ್ಟಿ ತಿಂದು ಐದನೆಯ ದಿನ ತಟ್ಟೆ ಸರಿಸಿ ಕೂತನಂತೆ. ಆಮೇಲೆ ತಾನೇ ಅಡುಗೆಮನೆಗೆ ಬಂದು, ಅಂಗಿಯ ತೋಳು ಮಡಚಿ, ಮೈದಾ ನಾದಿ ತೋರಿಸಿದನಂತೆ. ಅಪ್ಪನಿಗೆ ಅವನ ಮಾತು ಒಂದಕ್ಷರ ತಿಳಿಯಲಿಲ್ಲ. ಆದರೆ ಅಪ್ಪ ಕೆಲಸವನ್ನು ಕಣ್ಣಿನಿಂದ ಕಲಿಯುವವನು. ದುಂಡನೆಯದು ಹ್ಯಾಂಬರ್ಗರಿಗೆ, ಉದ್ದನೆಯದು ಹಾಟ್ ಡಾಗಿಗೆ ಅಂತ ತಿಳಿದುಕೊಂಡ. ಸಾಹೇಬ ಅವುಗಳ ಒಳಗೆ ಏನಿಟ್ಟುಕೊಂಡು ತಿನ್ನುತ್ತಿದ್ದನೋ, ಅಪ್ಪ ಆ ಕಡೆ ತಲೆ ಹಾಕುತ್ತಿರಲಿಲ್ಲ. "ಬನ್ನ ನನ್ನದು, ಒಳಗಿಂದು ಅವಂದು" ಅನ್ನುತ್ತಿದ್ದ. ಆ ಸಾಹೇಬ ಹೋದ ಮೇಲೂ ಅತಿಥಿಗೃಹಕ್ಕೆ ಬಂದವರೆಲ್ಲ ಬನ್ನು ಕೇಳತೊಡಗಿದರು. ರಜೆಯಲ್ಲಿ ನಾನು ಅಪ್ಪನ ಜೊತೆ ಹೋಗುತ್ತಿದ್ದೆ. ಹಿಟ್ಟು ನಾದುವುದರಿಂದ ಹಿಡಿದು ಸುಟ್ಟ ಬನ್ನಿನ ತಳ ಬಡಿದು ಸದ್ದು ಕೇಳುವವರೆಗೆ ಎಲ್ಲ ಕಲಿತೆ.

ನನ್ನ ಅಣ್ಣಂದಿರಿಬ್ಬರೂ ಅದೇ ಕಾರ್ಖಾನೆಯ ಯಂತ್ರಗಳ ಕಡೆ ಹೋದರು, ಒಲೆಯ ಹತ್ತಿರ ಸುಳಿಯಲಿಲ್ಲ. ಅಪ್ಪ ಕೆಲಸ ಬಿಟ್ಟ ವರ್ಷವೇ ಅವನ ಬಲಗೈ ನಡುಗಲು ಶುರುವಾಯಿತು. ಅಪ್ಪನ ಈ ಕೆಲಸ ಮುಂದುವರಿದರೂ ನನ್ನ ಕೈಯಲ್ಲಿ, ನಿಂತುಹೋದರೂ ನನ್ನ ಕೈಯಲ್ಲಿ ಅಂತ ನಮ್ಮಿಬ್ಬರಿಗೂ ಗೊತ್ತಿತ್ತು. ಹಾಗಾಗಿ ನನ್ನ ಮದುವೆಯಲ್ಲಿ ಕೊಟ್ಟ ಪಾತ್ರೆ-ಭಾಂಡೆಗಳ ಜೊತೆ ಅಂಗೈ ಅಗಲದ ಒಂದು ತಗಡಿನ ಡಬ್ಬಿಯೂ ಬಂತು. ಅದರಲ್ಲಿ ಅಪ್ಪ ಸಾಂಗಲಿಯಿಂದ ತರಿಸಿದ ಒಣ ಈಸ್ಟ್ ಇತ್ತು. ಮುಗಿದಾಗ ಬಸ್ಸು ಹತ್ತಿ ಬಂದು ತುಂಬಿಸಿ ಹೋಗುತ್ತೇನೆ ಅಂದಿದ್ದ ಅಪ್ಪ.

ಗಂಡನ ಮನೆ ನೇಕಾರರ ಮನೆ. ಆಗ ಪವರ್‌ಲೂಮಿನ ಸದ್ದು ಎಲ್ಲ ಓಣಿಗಳನ್ನೂ ಹೊಕ್ಕಿರಲಿಲ್ಲ. ನಮ್ಮ ಮನೆಯಲ್ಲಿ ನೆಲದ ಕುಣಿಯಲ್ಲಿ ಕಾಲಿಳಿಸಿ ಕೂತು ನೇಯುವ ನಾಲ್ಕು ಕುಣಿಮಗ್ಗ, ನಾಲ್ವರು ಕೂಲಿ ನೇಕಾರರು. ಮೈದಾ ಎಂಬುದು ಆ ಮನೆಗೆ ಚೀಲಗಟ್ಟಲೆ ಬರುತ್ತಿತ್ತು, ಆದರೆ ತಿನ್ನಲಿಕ್ಕಲ್ಲ. ಹಾಸಿನ, ಅಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡುವ, ನೂಲು ಗಟ್ಟಿಯಾಗಲೆಂದು ಹಚ್ಚುವ ಗಂಜಿಗೆ. ಮೈದಾವನ್ನು ನೀರಲ್ಲಿ ಕಲಸಿ, ಎರಡು ದಿನ ಹುಳಿ ಬರಿಸಿ, ಕುದಿಸಿ, ಬೂಷ್ಟು ಬರದಂತೆ ಅದಕ್ಕೆ ಮೈಲುತುತ್ತ ಹಾಕುತ್ತಿದ್ದರು. ಮೈಲುತುತ್ತ ವಿಷ. ಅದಕ್ಕೇ ಅತ್ತೆ ಒಂದು ಕಟ್ಟಳೆ ಮಾಡಿದ್ದರು: ಮೈದಾ ಅಡುಗೆಮನೆಯ ಹೊಸ್ತಿಲು ದಾಟಕೂಡದು. ಗಂಜಿಯ ಪಾತ್ರೆ ಬೇರೆ, ಸೌಟು ಬೇರೆ, ಅದನ್ನು ಮುಟ್ಟಿದ ಕೈಯನ್ನು ಬೂದಿ ಹಾಕಿ ತೊಳೆಯಬೇಕು. ಅಂಥ ಮನೆಗೆ ಹೋಗಿ, "ಮೈದಾದಾಗ ಬನ್ನ ಮಾಡ್ತೀನ್ರಿ" ಅಂದರೆ ಏನಾಗಬೇಕು?

"ಯವ್ವಾ, ಮೈದಾ ಅಂದ್ರ ನೂಲಿಗಿ ಹಚ್ಚೂದು. ಹೊಟ್ಟಿಗಿ ಹಚ್ಚೂದಲ್ಲ," ಅಂದರು ಅತ್ತೆ.

ಅವರನ್ನು ಒಲಿಸೋಣವೆಂದು ಉದ್ದ ಬನ್ನಿನ ಹೆಸರು ಹಾಟ್ ಡಾಗ್, ಅಂದರೆ ಬಿಸಿ ನಾಯಿ ಅಂತ ಹೇಳಿಬಿಟ್ಟೆ. ಅದು ನನ್ನ ದಡ್ಡತನ. ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಮುಧೋಳದವರು ನಾಯಿ ಸಾಕತಾರ ಅಂತ ಗೊತ್ತಿತ್ತು. ರೊಟ್ಟ್ಯಾಗ ಇಟ್ಟಕೊಂಡ ತಿಂತಾರ ಅನ್ನೂದು ಗೊತ್ತಿರಲಿಲ್ಲ ಬಿಡವಾ!" ಆ ವಾರವಿಡೀ ನೀರಿಗೆ ಬಂದ ಹೆಂಗಸರಿಗೆಲ್ಲ ಇದೇ ಕತೆ ಹೇಳಿದರು.

ನಾನು ಹಟ ಬಿಡಲಿಲ್ಲ. ಕಿರಾಣಿ ಅಂಗಡಿಯಿಂದ ಬೇರೆಯಾಗಿಯೇ ಎರಡು ಕಿಲೋ ಮೈದಾ ತರಿಸಿ, ಮುಚ್ಚಳದ ಡಬ್ಬಿಯಲ್ಲಿ ಹಾಕಿ ದನದ ಕೊಟ್ಟಿಗೆಯ ಗೋಡೆಯ ಮಾಡದಲ್ಲಿ ಇಟ್ಟೆ. ಅಡುಗೆಮನೆಯ ಹೊಸ್ತಿಲು ದಾಟಬಾರದು ಅಂದಿದ್ದರು, ಕೊಟ್ಟಿಗೆಯ ಮಾತು ಬಂದಿರಲಿಲ್ಲವಲ್ಲ. ಗಂಡನದು ಮಾತು ಕಡಿಮೆ, ಕೈಕೆಲಸ ಜಾಸ್ತಿ. ದೊಡ್ಡದೊಂದು ಎಣ್ಣೆ ಡಬ್ಬಿಯ ಒಂದು ಬದಿ ಕತ್ತರಿಸಿ, ಇಟ್ಟಿಗೆಯ ಮೇಲೆ ಅಡ್ಡ ಮಲಗಿಸಿ, ಬಾಗಿಲಿಗೆ ತಗಡು ಮಾಡಿಕೊಟ್ಟರು. ಒಳಗೆ ಎರಡು ಬೆರಳು ಮರಳು, ಕೆಳಗೆ ಕೆಂಡ, ಮೇಲೆ ಕೆಂಡ. ಅದೇ ನನ್ನ ಭಟ್ಟಿ.

ಅದು ಚಳಿಗಾಲ. ಚಳಿಗೆ ಈಸ್ಟ್ ಏಳುವುದಿಲ್ಲ. ಒಂದು ಬೆಳಿಗ್ಗೆ ಮೈದಾ, ಬೆಚ್ಚನೆಯ ನೀರು, ಈಸ್ಟ್, ಒಂದು ಹಿಡಿ ಸಕ್ಕರೆ ಹಾಕಿ ತೆಳ್ಳಗೆ ಕಲಸಿದೆ. ಹೀಗೆ ಮೊದಲು ಸಡಿಲ ಹಿಟ್ಟು ಉಬ್ಬಿಸಿಕೊಂಡು ಆಮೇಲೆ ಉಳಿದ ಮೈದಾ ಸೇರಿಸಿ ನಾದುವುದು ಅಪ್ಪನ ಪದ್ಧತಿ. ಬೋಗುಣಿಯನ್ನು ಬೆಚ್ಚಗೆ ಎಲ್ಲಿಡಲಿ? ಇಡೀ ಮನೆಯಲ್ಲಿ ಆ ಹೊತ್ತಿಗೆ ಬೆಚ್ಚಗಿರುವ ಜಾಗ ಒಂದೇ, ಪಡಸಾಲೆಯ ತುದಿಯಲ್ಲಿದ್ದ ಗಂಜಿ ಒಲೆಯ ಮಗ್ಗುಲು. ಅಲ್ಲೇ ಇಟ್ಟು, ಬಟ್ಟೆ ಮುಚ್ಚಿ, ಎಮ್ಮೆ ಹಿಂಡಲು ಹೋದೆ.

ವಾಪಸ್ಸು ಬಂದರೆ ಬೋಗುಣಿ ಖಾಲಿ.

ಮಾವ ಅವತ್ತು ಓಣಿಯುದ್ದಕ್ಕೂ ಗೂಟಗಳ ನಡುವೆ ಹಾಸು ಎಳೆದು ಕಟ್ಟಿದ್ದರು. ಗಾಳಿ ಏಳುವ ಮೊದಲು ಗಂಜಿ ಹಚ್ಚಿ ಮುಗಿಸಬೇಕು. ಒಲೆಯ ಹತ್ತಿರ ಬಂದವರು ಬಟ್ಟೆ ಸರಿಸಿ ನೋಡಿದ್ದಾರೆ. ಗುಳ್ಳೆ ಗುಳ್ಳೆಯಾಗಿ, ಘಮ್ಮೆಂದು ಹುಳಿ ಬಂದ ಮೈದಾ. ಅವರು ಎಷ್ಟೋ ವರ್ಷಗಳಿಂದ ದಿನವೂ ನೋಡುತ್ತ ಬಂದ ಪದಾರ್ಥ! ಅತ್ತೆ ಈ ಸಲ ಛಲೋ ಹುಳಿ ಬರಿಸಿದ್ದಾರೆ ಅಂದುಕೊಂಡು, ಕುದಿಯುವ ನೀರಿಗೆ ಸುರಿದು, ಗೊಟಾಯಿಸಿ, ಮೈಲುತುತ್ತ ಹಾಕಿ, ನಾಲ್ವರು ನೇಕಾರರನ್ನು ಕರೆದುಕೊಂಡು ಹೊರಟೇಬಿಟ್ಟಿದ್ದರು. ನಾನು ಬಾಗಿಲಿಗೆ ಓಡಿ ಬರುವಷ್ಟರಲ್ಲಿ ಕುಂಚಗಳು ಹಾಸಿನ ಅರ್ಧ ದಾಟಿದ್ದವು.

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಮೈದಾ ಮೈದಾನೇ, ಏನಾದೀತು, ಇವತ್ತು ಬನ್ನು ಹೋದರೆ ಹೋಗಲಿ ಅಂದುಕೊಂಡು ಬಾಯಿ ಮುಚ್ಚಿಕೊಂಡೆ. ಸಕ್ಕರೆಯ ನೆನಪೇ ಆಗಲಿಲ್ಲ ನನಗೆ.

ಬಿಸಿಲೇರುತ್ತಿದ್ದಂತೆ ಇರುವೆಗಳಿಗೆ ಆ ನೆನಪು ಬಂತು. ಮೊದಲು ಹಾಸು ಕಟ್ಟಿದ್ದ ಗೂಟದ ಮೇಲೆ ಒಂದು ಸಾಲು, ಆಮೇಲೆ ಹಾಸಿನ ಉದ್ದಕ್ಕೂ. ಬೂಷ್ಟು ಮೈಲುತುತ್ತಕ್ಕೆ ಹೆದರುತ್ತದೆ, ಸಕ್ಕರೆ ಕಂಡ ಇರುವೆ ಯಾರಪ್ಪನಿಗೂ ಹೆದರುವುದಿಲ್ಲ. ಝಾಡಿಸಿದರೆ ಹಸಿ ಎಳೆ ಹರಿಯುತ್ತವೆ, ಬಿಟ್ಟರೆ ಅಂಟಿಕೊಂಡೇ ಒಣಗುತ್ತವೆ. ಓಣಿಯ ಜನವೆಲ್ಲ ಸೇರಿತು. ಕಪ್ಪು ಇರುವೆಗಳ ಅಂಚಿನ ಸೀರೆ ನೇಯುತ್ತೀರೇನು ಅಂತ ಯಾರೋ ಕೇಳಿದರು. ಮಾವನ ಮುಖ ಕೆಂಪಗಾಯಿತು.

ಅವರು ಸೀದಾ ಒಳಗೆ ಬಂದು ಅತ್ತೆಯನ್ನು ಹಿಡಿದರು. "ಗಂಜ್ಯಾಗ ಏನ ಹಾಕಿದಿ?"

"ನಾ ಹುಳಿ ಬರಿಸಿದ ಹಿಟ್ಟ ಇನ್ನ ಗಡಿಗ್ಯಾಗ ಹಂಗ ಐತಲ್ರಿ!" ಅಂದರು ಅತ್ತೆ.

ಅತ್ತೆಗೆ ಬಯ್ಗುಳ ಬೀಳುವುದನ್ನು ನೋಡುತ್ತ ನಿಲ್ಲಲು ನನ್ನಿಂದಾಗಲಿಲ್ಲ. "ಅದು ನನ್ನ ಹಿಟ್ಟರಿ ಮಾವಾರ," ಅಂದೆ. "ಬನ್ನಿಂದು. ಸಕ್ಕರಿ ಹಾಕಿದ್ದೆ. ಅಲ್ಲಿಟ್ಟದ್ದು ನನ್ನ ತಪ್ಪ."

ಮಾವ ಬೈದಿದ್ದರೆ ಸಹಿಸುತ್ತಿದ್ದೆ. ಅವರು ನನ್ನನ್ನು ಬಿಟ್ಟು ನನ್ನ ಗಂಡನ ಕಡೆ ತಿರುಗಿದರು. "ಮುಧೋಳ ಬಸ್ಸಿನ ಕಂಡಕ್ಟರ್‌ಗ ಹೇಳಿ ಬಾ. ಬೀಗರು ನಾಳಿ ಮೂರರ ಬಸ್ಸಿಗಿ ಬಂದು ತಾವು ಕೊಟ್ಟ ಆ ತಗಡಿನ ಡಬ್ಬಿ ತಿರುಗಿ ಒಯ್ಯಲಿ. ಈ ಮನ್ಯಾಗ ಮೈದಾಕ್ಕ ಒಂದ ಕೆಲಸ."

ಕಂಡಕ್ಟರು ನನ್ನ ತವರಿನ ಓಣಿಯವನು. ಹೇಳಿದ ಮಾತು ಸಂಜೆಯೊಳಗೆ ಅಪ್ಪನ ಕಿವಿಗೆ ಬೀಳುವುದು ಖಂಡಿತವಾಗಿತ್ತು. ನನಗೆ ಅಳು ಬಂದದ್ದು ಡಬ್ಬಿಗಲ್ಲ. ಅಪ್ಪ ಇಷ್ಟು ದೂರ ಬಂದು ಬೀಗರ ಪಡಸಾಲೆಯಲ್ಲಿ ತಲೆ ತಗ್ಗಿಸಿ ನಿಂತು, ಮಗಳಿಗೆ ಕಲಿಸಿದ ಕೆಲಸವನ್ನು ತಪ್ಪೊಪ್ಪಿಕೊಂಡು ಹೊತ್ತುಕೊಂಡು ಹೋಗಬೇಕಲ್ಲ, ಅದಕ್ಕೆ. ಅಳುತ್ತಲೇ ನನಗೆ ಸಿಟ್ಟೂ ಬಂತು. ನನ್ನ ಸಿಟ್ಟು ಯಾವಾಗಲೂ ಅಳುವಿನ ಹಿಂದೆಯೇ ಬರುತ್ತದೆ.

ಹಾಸನ್ನು ತೊಳೆದು ಹೊಸದಾಗಿ ಗಂಜಿ ಹಚ್ಚಬೇಕಾಯಿತು. ಮರುದಿನ ಅದು ಒಣಗುವವರೆಗೆ ನೇಕಾರರಿಗೆ ಕೆಲಸವಿಲ್ಲ. ಮನೆಯವರ ತಪ್ಪಿನಿಂದ ಮಗ್ಗ ನಿಂತರೆ ಅವತ್ತಿನ ಮಧ್ಯಾಹ್ನದ ಊಟ ಮನೆಯವರದೇ ಅನ್ನುವುದು ಮಾವನ ಮನೆಯ ಪದ್ಧತಿ. ಬೆಳಿಗ್ಗೆ ಅತ್ತೆ ಜೋಳದ ಹಿಟ್ಟಿನ ಡಬ್ಬಿ ತೆಗೆಯುತ್ತಿದ್ದಾಗ ನಾನು ಅಡ್ಡ ಹೋಗಿ ನಿಂತೆ.

"ತಪ್ಪ ನಂದು. ಊಟಾನೂ ನಂದ ಆಗಲಿ. ಬನ್ನ ಮಾಡ್ತೀನಿ."

"ಹುಚ್ಚಿ ಅದೀಯೇನ? ನಿನ್ನಿ ಆಗಿದ್ದು ಸಾಲಲಿಲ್ಲೇನ?"

"ಅಪ್ಪ ಬರೂದು ಮೂರಕ್ಕ. ಅಲ್ಲೀತನಕ ಡಬ್ಬಿ ನಂದ ಐತ್ರಿ ಅತ್ತಿ."

ಸೊಸೆಯ ಬಾಯಲ್ಲಿ ಅಂಥ ಮಾತು ಅತ್ತೆ ಅದುವರೆಗೆ ಕೇಳಿರಲಿಲ್ಲ, ನಾನೂ ಆಡಿರಲಿಲ್ಲ. ಅವರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಏನು ಕಂಡರೋ, ಜೋಳದ ಹಿಟ್ಟಿನ ಡಬ್ಬಿ ಮುಚ್ಚಿದರು. "ನನ್ನ ಅಡಗಿಮನ್ಯಾಗಲ್ಲ ಮತ್ತ," ಅಂದರು. ಆಮೇಲೆ ತಾವೇ ಗಂಜಿಯ ಒಲೆಯನ್ನು ಬಿಟ್ಟು ದೂರ, ಕೊಟ್ಟಿಗೆಯ ಹೊರಗೆ, ಬಿಸಿನೀರಿನ ಹಂಡೆಯ ಮಗ್ಗುಲಲ್ಲಿ ಒಂದು ಮಣೆ ಹಾಕಿ ಬೋಗುಣಿಗೆ ಜಾಗ ತೋರಿಸಿದರು.

ಅವತ್ತು ನಾನು ನಾದಿದ ಹಾಗೆ ಜನ್ಮದಲ್ಲಿ ನಾದಿಲ್ಲ. ಉಬ್ಬಿದ ಹಿಟ್ಟಿಗೆ ಇನ್ನಷ್ಟು ಮೈದಾ, ಹಾಲು, ಉಪ್ಪು, ಶೇಂಗಾ ಎಣ್ಣೆ ಸೇರಿಸಿ, ರಟ್ಟೆ ಬಿದ್ದುಹೋಗುವವರೆಗೆ ನಾದಿದೆ. ಒಂದು ಚೂರು ಹಿಟ್ಟನ್ನು ಬೆರಳುಗಳ ನಡುವೆ ಎಳೆದು ಬಿಸಿಲಿಗೆ ಹಿಡಿದರೆ, ಹರಿಯದೆ, ಅದರಾಚೆಯ ಬೆಳಕು ಕಾಣಬೇಕು. ಕಂಡಿತು. ಮುಚ್ಚಿಟ್ಟೆ, ಎರಡರಷ್ಟಾಯಿತು. ಗುದ್ದಿ ಗಾಳಿ ತೆಗೆದು ಉಂಡೆ ಕಟ್ಟಿದೆ. ಉದ್ದ ಬನ್ನು ಮಾಡುವಲ್ಲಿ ಒಂದು ಗುಟ್ಟಿದೆ. ಒಂಟಿಯಾಗಿ ಇಟ್ಟರೆ ಅದು ಅಡ್ಡಕ್ಕೆ ಹರಡಿ ಚಪ್ಪಟೆಯಾಗುತ್ತದೆ. ಒಂದರ ಪಕ್ಕಕ್ಕೆ ಒಂದನ್ನು ತಾಗಿಯೂ ತಾಗದ ಹಾಗೆ ಮಲಗಿಸಿದರೆ ಬೇರೆ ದಾರಿಯಿಲ್ಲದೆ ಮೇಲಕ್ಕೇ ಏಳುತ್ತದೆ. ಅಪ್ಪನ ಹತ್ತಿರ ಅದಕ್ಕೆ ಅಗಲವಾದ ತಟ್ಟೆಗಳಿದ್ದವು. ನನ್ನ ಹತ್ತಿರ ಒಂದು ಹಳೆಯ ಸೀರೆ ಇತ್ತು. ಸೀರೆಗೆ ಹಿಟ್ಟು ಉದುರಿಸಿ, ಉಡುವಾಗ ಹಿಡಿಯುವಂತೆಯೇ ನಿರಿಗೆ ಹಿಡಿದು, ನಿರಿಗೆ ನಿರಿಗೆಯ ನಡುವೆ ಒಂದೊಂದು ಮಲಗಿಸಿದೆ. ನೆಟ್ಟಗೆ ಎದ್ದವು. ಹಿಂದಿನಿಂದ ಬಂದು ನೋಡಿದ ಅತ್ತೆ, "ಅವ್ವಾ, ಕೂಸು ಮಲಗಿಸಿದಂಗ ಮಲಗಿಸೀಯಲ್ಲ," ಅಂದರು.

ಭಟ್ಟಿಗೆ ಒಂದು ಸಲಕ್ಕೆ ಆರು ಹಿಡಿಯುತ್ತಿದ್ದವು. ಮೊದಲ ಆರರ ತಳ ಕಪ್ಪಾಯಿತು. ಕೆಳಗಿನ ಕೆಂಡ ಹೆಚ್ಚಾಗಿತ್ತು. ಎಮ್ಮೆ ಅವನ್ನು ಸಂತೋಷದಿಂದ ತಿಂದಿತು. ಕೆಂಡ ಅರ್ಧ ಹಿಂದೆಳೆದೆ. ಎರಡನೆಯ ಸಲದ್ದು ಸರಿಯಾಯಿತು. ಮೂರನೆಯದಕ್ಕೆ ಹಾಲು ಸವರಿದ್ದು ಹೊಳೆಯಿತು. ನಾಲ್ಕನೆಯದರ ಹೊತ್ತಿಗೆ ಪರಿಮಳ ಗೋಡೆ ದಾಟಿ ಓಣಿಗೆ ಹೋಗಿತ್ತು, ನಿನ್ನೆ ಇರುವೆ ನೋಡಲು ಬಂದಿದ್ದವರೇ ಇವತ್ತು ಮೂಗು ಅರಳಿಸಿಕೊಂಡು ಬಾಗಿಲಲ್ಲಿ ನಿಂತಿದ್ದರು. ಆರು ಸಲ ಸುಟ್ಟ ಮೇಲೆ ಬುಟ್ಟಿಯಲ್ಲಿ ಹದಿನೆಂಟು ಉದ್ದ, ಹನ್ನೆರಡು ದುಂಡು ಬನ್ನು ಕೂತಿದ್ದವು.

ಒಳಗೆ ಏನಿಡಬೇಕು ಅನ್ನುವುದು ನಾನೇ ಯೋಚಿಸಿದ್ದು. ಅಪ್ಪ ಕಲಿಸಿದ್ದಲ್ಲ. ಉದ್ದ ಬನ್ನಿನ ಹೊಟ್ಟೆ ಸೀಳಿದರೆ ಅದರಲ್ಲಿ ಅಚ್ಚುಕಟ್ಟಾಗಿ ಕೂರುವ ಉದ್ದನೆಯ ವಸ್ತು ನಮ್ಮ ಕಡೆ ಯಾವುದು? ಮೆಣಸಿನಕಾಯಿ ಭಜಿ! ಅತ್ತೆಯೇ ಕರಿದುಕೊಟ್ಟರು, ಕಡಲೆ ಹಿಟ್ಟಿಗೆ ಅವರ ಕಟ್ಟಳೆಯೇನೂ ಇರಲಿಲ್ಲ. ಭಜಿಯ ಕೆಳಗೆ ಅಗಸಿ ಚಟ್ನಿಪುಡಿ, ಮೇಲೆ ಹಸಿ ಉಳ್ಳಾಗಡ್ಡಿ. ದುಂಡನೆಯದರಲ್ಲಿ ಕಡಲೆ ಹಿಟ್ಟು ಬೇಯಿಸಿ ಕೊಯ್ದ ಜುಣಕದ ವಡಿ ಮತ್ತು ಕೆನೆ ಮೊಸರು. ಸಾಹೇಬರ ಹ್ಯಾಂಬರ್ಗರು ಹೇಗಿರುತ್ತದೋ ನಾನು ಇವತ್ತಿಗೂ ತಿಂದಿಲ್ಲ. ನನ್ನದರ ಮುಂದೆ ನಿಲ್ಲಲಿಕ್ಕಿಲ್ಲ ಅಂತ ನನ್ನ ನಂಬಿಕೆ.

ನಾಲ್ವರು ನೇಕಾರರೂ ಪಡಸಾಲೆಯಲ್ಲಿ ಸಾಲಾಗಿ ಕೂತರು. ತುದಿಗೆ ಮಾವ. ನೇಕಾರರಲ್ಲಿ ಎಲ್ಲರಿಗಿಂತ ಹಿರಿಯನಾದವನು ಬನ್ನನ್ನು ಅಂಗೈ ಮೇಲೆ ತೂಗಿ ನೋಡಿದ. "ಇದೇನ ತಂಗಿ, ಇದಕ್ಕ ತೂಕಾನ ಇಲ್ಲ? ಬರೇ ಗಾಳಿ ತುಂಬಿ ಕೊಟ್ಟೀಯೇನ?"

"ಗಾಳೀನ ತಿಂದ ನೋಡ್ರಿ ಕಾಕಾ, ಆಮ್ಯಾಲ ಹೇಳ್ರಿ."

ಅವನು ಕಚ್ಚಿದ. ಅಗಿದ. ಎರಡನೆಯದಕ್ಕೆ ಕೈ ಚಾಚಿದ. ಉಳಿದ ಮೂವರು ಅವನ ಮುಖ ನೋಡುತ್ತಿದ್ದವರು ತಾವೂ ಶುರು ಮಾಡಿದರು. "ರೊಟ್ಟಿ ಬೇಕೇನ್ರೋ?" ಅಂತ ಅತ್ತೆ ಒಳಗಿನಿಂದ ಕೂಗಿ ಕೇಳಿದರು. ಬಾಯಿ ತುಂಬಿದ್ದವರೆಲ್ಲ ಬನ್ನಿನ ಬುಟ್ಟಿಯ ಕಡೆ ಕೈ ತೋರಿಸಿದರು.

ನನ್ನ ಕಣ್ಣು ಮಾತ್ರ ಸಾಲಿನ ತುದಿಯಲ್ಲಿತ್ತು. ಮಾವ ಉದ್ದ ಬನ್ನಿನಿಂದ ಭಜಿ ಎಳೆದು ಅದೊಂದನ್ನೇ ತಿಂದು, ಬನ್ನನ್ನು ತಟ್ಟೆಯ ಅಂಚಿಗೆ ಸರಿಸಿದರು. ಎರಡನೆಯದನ್ನೂ ಹಾಗೇ ಮಾಡಿದರು. ಎರಡು ಖಾಲಿ ಬನ್ನುಗಳು ಅಂಚಿನಲ್ಲಿ ಬಾಯಿ ತೆರೆದುಕೊಂಡು ಬಿದ್ದಿದ್ದವು. ಅಷ್ಟರಲ್ಲಿ ಹಿರಿಯ ನೇಕಾರ ಅದನ್ನು ನೋಡಿ, "ಯಾಕ್ರಿ ಮಾಲಕರ, ಅದನ್ಯಾಕ ಬಿಟ್ರಿ? ನಿಮಗ ಬ್ಯಾಡಂದ್ರ ಇತ್ತ ಕೊಡ್ರಿ," ಅಂತ ಕೈ ಚಾಚಿಯೇಬಿಟ್ಟ.

ಮಾವ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು. "ಕೈ ತಗೀಯೋ," ಅಂದರು. ಒಂದು ಬನ್ನು ಕೈಗೆತ್ತಿಕೊಂಡು ತಿರುಗಿಸಿ ಮುರಿದರು. ಒಳಗಿನ ಎಳೆಗಳನ್ನು ಹತ್ತಿರ ಹಿಡಿದು ನೋಡಿದರು. ಮುರಿದದ್ದನ್ನು ಮೊಸರಿನಲ್ಲಿ ಅದ್ದಿ ಬಾಯಿಗಿಟ್ಟರು. ಆಮೇಲೆ ಎರಡನೆಯದು. ಆಮೇಲೆ ದುಂಡನೆಯದೊಂದು, ಅದಕ್ಕೆ ಯಾವ ಶಾಸ್ತ್ರವೂ ಇರಲಿಲ್ಲ, ಇಡಿಯಾಗಿಯೇ ಹೋಯಿತು. ಕೈ ತೊಳೆದು ಎದ್ದು ಹಾಸು ಒಣಗಿತೋ ಇಲ್ಲವೋ ನೋಡಲು ಹೋದರು.

ಹಿರಿಯ ನೇಕಾರ ಹೋಗುವಾಗ ಒಂದು ಬನ್ನನ್ನು ಹೆಗಲ ವಸ್ತ್ರದಲ್ಲಿ ಕಟ್ಟಿಕೊಂಡ. ಮನೆಯಲ್ಲಿ ಹೆಂಡತಿಗೆ ಹಲ್ಲಿಲ್ಲ, ರೊಟ್ಟಿ ನೆನೆಸಿ ತಿನ್ನುತ್ತಾಳೆ ಅಂದ. ನಾನು ಇನ್ನೆರಡು ಕೊಟ್ಟೆ. ಆದರೆ ಸಂತೋಷ ಪಡಲು ಮನಸ್ಸು ಬಿಡಲಿಲ್ಲ. ಅಪ್ಪನಿಗೆ ಬರುವುದು ಬೇಡವೆಂದು ಯಾರೂ ಹೇಳಿ ಕಳಿಸಿರಲಿಲ್ಲ, ಮೂರರ ಬಸ್ಸು ಬಂದೇ ಬರುತ್ತಿತ್ತು. ಈಸ್ಟಿನ ಡಬ್ಬಿಯನ್ನು ಒರೆಸಿ, ಮುಚ್ಚಳ ಬಿಗಿ ಮಾಡಿ, ಮಾಡದಲ್ಲಿಟ್ಟು ಕಾಯುತ್ತ ಕೂತೆ.

ಅಪ್ಪ ಬಂದ. ಚಪ್ಪಲಿ ಹೊರಗೇ ಬಿಟ್ಟು, ಖಾಲಿ ಚೀಲವನ್ನು ಎಡಗೈಯಲ್ಲಿ ಮಡಚಿ ಹಿಡಿದುಕೊಂಡು, ನಡುಗುವ ಬಲಗೈಯನ್ನು ಧೋತರದ ಮರೆಗೆ ಮಾಡಿಕೊಂಡು ಪಡಸಾಲೆಯ ಅಂಚಿನಲ್ಲಿ ನಿಂತ. ನನ್ನ ಕಡೆ ನೋಡಲೇ ಇಲ್ಲ. "ಬೀಗರ, ತಪ್ಪಾತ್ರಿ," ಅಂದ. "ಮಗಳಿಗಿ ತಿಳೀಲಿಲ್ಲ. ನಾನ ಕಲಿಸಬಾರದಿತ್ತು."

ಆ ಕೊನೆಯ ಮಾತು ನನಗೆ ಕೆನ್ನೆಗೆ ಹೊಡೆದಂತಾಯಿತು.

ಮಾವ ಅವನನ್ನು ಕೂರಿಸಿ ನೀರು ಕೊಡಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ತಂಗಿ, ಆ ಡಬ್ಬಿ ತಾ," ಅಂದರು. ತಂದುಕೊಟ್ಟೆ. ಅವರು ಅದನ್ನು ಅಂಗೈ ಮೇಲಿಟ್ಟುಕೊಂಡು ನೋಡಿದರು, ಮುಚ್ಚಳ ತೆಗೆದು ಒಳಗೆ ನೋಡಿದರು, ಮತ್ತೆ ಮುಚ್ಚಿ ಅಪ್ಪನ ಮುಂದೆ ಇಟ್ಟರು.

"ಬೀಗರ, ಇದು ಭಾಳ ಸಣ್ಣದು," ಅಂದರು. "ನಾಕ ಮಗ್ಗದ ಮಂದಿಗಿ ಇಷ್ಟ ಎಲ್ಲಿ ಸಾಲತೈತ್ರಿ? ಇದನ್ನ ಒಯ್ದು ದೊಡ್ಡದ ತಂದಕೊಡ್ರಿ."

ಒಳಗಿನಿಂದ ಅತ್ತೆ ಉಳಿದಿದ್ದ ಬನ್ನೊಂದನ್ನು ತಟ್ಟೆಯಲ್ಲಿ ತಂದಿಟ್ಟರು. ಅಪ್ಪ ಅದನ್ನು ಎತ್ತಿಕೊಂಡ, ಮರೆಯಲ್ಲಿದ್ದ ಬಲಗೈ ಹೊರಗೆ ಬಂತು. ಹೆಬ್ಬೆರಳಿನಿಂದ ಒತ್ತಿದ. ತಳ ಮೇಲೆ ಮಾಡಿ ಬೆರಳಿನಿಂದ ಬಡಿದು ಕಿವಿಗಿಟ್ಟು ಕೇಳಿದ. ಆಗ ನನ್ನ ಕಡೆ ನೋಡಿದ.

"ಎಷ್ಟ ದೊಡ್ಡದು ಬೇಕ್ರಿ ಬೀಗರ?" ಅಂತ ಕೇಳುತ್ತ, ಬನ್ನು ಕೈಯಲ್ಲೇ ಹಿಡಿದುಕೊಂಡು ಎದ್ದು ನಿಂತೇಬಿಟ್ಟ. "ನಾಳಿನ ಸಾಂಗಲಿಗಿ ಹೋಗಿ ಬರ್ತೀನಿ."